ಚೊಣಕದ ಹೊಟ್ಟೆಯೊಳಗೆ ಕಂಡದ್ದು

ನನ್ನ ಮೊಮ್ಮಗಳು ಪೂರ್ವಿಗೆ ಕೆಲಸ ಸಿಕ್ಕಿದೆ! ಮೀನಿನ ಹೊಟ್ಟೆ ಕೊಯ್ದು, ಅದು ಏನು ತಿಂದಿತ್ತು ಎಂದು ನೋಡಿ ಹೇಳುವ ಕೆಲಸ. ಕೇಳಿದವರು ನಗುತ್ತಾರೆ, ನಗಲಿ. ಕಣ್ಣು ಮಂಜಾಗುವ ತನಕ ನಾನು ಮಾಡಿದ್ದು ಅದೇ ಕೆಲಸ. ಕಾಶಿಯಲ್ಲಿ ಹುಟ್ಟಿ, ಗಂಗೆಯ ಮೆಟ್ಟಿಲ ಮೇಲೆ ಆಡಿ ಬೆಳೆದು, ಸಮುದ್ರವನ್ನು ರಜೆಯಲ್ಲಿ ಮಾತ್ರ ನೋಡಿದ ಹುಡುಗಿ ತಿರುಗಿ ನನ್ನ ಮೇಜಿನ ಮುಂದೇ ನಿಲ್ಲುತ್ತಾಳೆ ಎಂದರೆ ನನಗೆ ಹೇಗಾಗಿರಬೇಡ! ಸುದ್ದಿ ಬಂದ ದಿನ ಕೇದಾರ ಘಾಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೂ ಮಾರುವವಳಿಗೆ ಹೇಳಿದೆ, ದೋಣಿಯವನಿಗೆ ಹೇಳಿದೆ, ಇಡ್ಲಿ ಅಂಗಡಿಯ ಅಮ್ಮನಿಗೆ ಎರಡು ಸಲ ಹೇಳಿದೆ.

ಅಳಿಯ ರೈಲ್ವೆಯವರು. ಕಂಟೋನ್ಮೆಂಟಿನ ಕಚೇರಿಗೆ ವರ್ಗವಾಗಿ ಬಂದವರು ಇಲ್ಲೇ ಉಳಿದರು. ನಿವೃತ್ತಳಾದ ಮೇಲೆ ನಾನೂ ಅಂಕೋಲೆ ಬಿಟ್ಟು ಮಗಳ ಹತ್ತಿರ ಬಂದೆ. ಘಾಟಿನ ಹಿಂದಿನ ಗಲ್ಲಿಯಲ್ಲಿ ಶಾಸ್ತ್ರಿಗಳ ಮನೆಯ ಮಹಡಿಯಲ್ಲಿ ನಮ್ಮ ವಾಸ. ಶಾಸ್ತ್ರಿಗಳ ಹಿರಿಯರು ಯಾವ ಕಾಲದಲ್ಲೋ ಕರ್ನಾಟಕದಿಂದ ಬಂದವರು. ಅವರ ಕನ್ನಡದಲ್ಲಿ ಅರ್ಧ ಹಿಂದಿ. ಒಳ್ಳೆಯವರು. ಮನೆಯೊಳಗೆ ಮೀನು ತರಬಾರದು ಎಂಬ ಒಂದು ಮಾತು ಬಿಟ್ಟರೆ ಬೇರೆ ಯಾವ ಕಟ್ಟಳೆಯೂ ಅವರದಿಲ್ಲ.

“ಏನು ಗಿರಿಜಮ್ಮ, ಬಿಟಿಯಾಗೆ ನೌಕರಿ ಆಯಿತಂತೆ. ಮಿಠಾಯಿ ಎಲ್ಲಿ?” ಎಂದು ಅವರೇ ಮೆಟ್ಟಿಲ ಹತ್ತಿರ ತಡೆದು ಕೇಳಿದರು.

“ತಂದೇ ಇದ್ದೇನೆ, ತಕ್ಕೊಳ್ಳಿ ಶಾಸ್ತ್ರಿಗಳೇ.”

“ಯಾವ ದಫ್ತರು?”

“ಸಮುದ್ರದ ಮೀನಿಂದು. ಹೊಟ್ಟೆ ಕೊಯ್ದು ನೋಡೂದು.”

ಬಾಯಿಗೆ ಹೋಗುತ್ತಿದ್ದ ಪೇಡೆ ಅರ್ಧದಲ್ಲೇ ನಿಂತಿತು. “ಶಿವ ಶಿವಾ! ಎಮ್ಮೆಸ್ಸಿ ಓದಿ?”

“ಓದಿದ್ದಕ್ಕೇ ಸಿಕ್ತು. ನಾನು ನಾಲ್ಕನೇ ಇಯತ್ತೆ ಓದಿ ಅದನ್ನೇ ಮಾಡಿದ್ದೆ.”

ಅವರು ಸ್ವಲ್ಪ ಹೊತ್ತು ಪೇಡೆಯನ್ನು ನೋಡಿದರು, ಆಮೇಲೆ ಬಾಯಿಗೆ ಹಾಕಿಕೊಂಡರು. “ವಿದ್ಯೆ ವಿದ್ಯೆಯೇ, ಬೇಡ ಅನ್ನಬಾರದು. ಆದರೆ ಘರ್ ಮೇಂ ಅಭ್ಯಾಸ ಬೇಡ, ಗಿರಿಜಮ್ಮ.”

ಎಲ್ಲರಿಗೂ ಸಂತೋಷ, ಪೂರ್ವಿಗೆ ಮಾತ್ರ ಅರ್ಧ ಸಂತೋಷ. ರಾತ್ರಿ ಊಟವಾದ ಮೇಲೆ ನನ್ನ ಪಕ್ಕ ಬಂದು ಕೂತಳು. “ಅಜ್ಜಿ, ಸಚ್ ಹೇಳ್ತೀನಿ. ಪುಸ್ತಕದಲ್ಲಿ ಎಲ್ಲ ಗೊತ್ತು. ಕಾಲೇಜಲ್ಲಿ ಕಂಪ್ಯೂಟರ್ ಮೇಲೆ ಕೊಯ್ದು ತೋರ್ಸಿದ್ರು. ಹಾಥ್ ಸೇ ಕಭೀ ನಹೀಂ ಕಿಯಾ, ಕೈಯಾರೆ ಒಂದು ಸಲಾನೂ ಕೊಯ್ದಿಲ್ಲ. ಮೀನಿನ ಗಲ್ಲಿ ಬಂದ್ರೆ ನಾನು ಮೂಗು ಮುಚ್ಕೊಂಡು ಓಡೋಳು. ಅಲ್ಲಿ ಎಲ್ಲರ ಎದುರು ವಾಂತಿ ಮಾಡ್ಕೊಂಡ್ರೆ?”

“ಮಾಡ್ಕೊಂಡ್ರೆ ಎಂತಾ ಆತು? ತೊಳೆದ್ರೆ ಹೋತು.”

“ಮಜಾಕ್ ಮತ್ ಕರೋ ಅಜ್ಜಿ. ಇಲ್ಲೇ ಒಂದು ಕೊಯ್ದು ನೋಡ್ತೀನಿ. ಆದ್ರೆ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಇಲ್ಲೇ ಇದ್ದು ಬ್ಯಾಂಕ್ ಪರೀಕ್ಷೆ ಬರೀತೀನಿ. ನೀನು ಬೇಜಾರು ಮಾಡ್ಕೋಬಾರ್ದು.”

ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ತಲೆ ಆಡಿಸಿದೆ. ಒಳಗಿನ ಯೋಚನೆಯೇ ಬೇರೆ. ಇವಳು ಆ ಮೇಜಿಗೆ ಹೋಗದಿದ್ದರೆ, ನಾನು ಕಂಡದ್ದನ್ನೆಲ್ಲ ಇನ್ನು ಯಾರ ಕಣ್ಣಿನಿಂದ ನೋಡಲಿ?

ನಾನು ಕೊಯ್ಯುತ್ತಿದ್ದ ಮೀನಿಗೆ ನಮ್ಮ ಕಡೆ ಚೊಣಕ ಎನ್ನುತ್ತಾರೆ. ಸಮುದ್ರದ ಅಂಚಿನಲ್ಲಿ, ನದಿಯ ಬಾಯಲ್ಲಿ ಬೇಟೆಯಾಡಿ ಬದುಕುವ ಮೀನು. ಬಂಗಾಳಿಗಳು ಅದನ್ನೇ ಭೇಟ್ಕಿ ಎಂದು ಪ್ರೀತಿಯಿಂದ ತಿನ್ನುತ್ತಾರೆ. ನಮ್ಮ ಗಲ್ಲಿಯಿಂದ ಸ್ವಲ್ಪ ನಡೆದರೆ ಬಂಗಾಳಿ ಟೋಲಾ. ಅಲ್ಲಿ ಒಬ್ಬ ದಾದಾನ ಅಂಗಡಿಗೆ ಕಲ್ಕತ್ತೆಯಿಂದ ಬರ್ಫದ ಪೆಟ್ಟಿಗೆಯಲ್ಲಿ ಭೇಟ್ಕಿ ಬರುತ್ತದೆ. ಮರುದಿನವೇ ಪೂರ್ವಿಯನ್ನು ಎಳೆದುಕೊಂಡು ಹೋದೆ. ಬೆಳ್ಳಗೆ ಹೊಳೆಯುವ ಒಂದು ಭೇಟ್ಕಿಯನ್ನು ತೋರಿಸಿ, ಇದೇ ಬೇಕು ಎಂದೆ. ಮೊಮ್ಮಗಳ ಕಡೆ ತಿರುಗಿ, ಅದರ ಬಾಯಿ ನೋಡು, ಕಣ್ಣು ನೋಡು ಎಂದು ವರ್ಣಿಸುತ್ತಾ ಇದ್ದೆ. ತಿರುಗಿ ನೋಡುವಷ್ಟರಲ್ಲಿ ದಾದಾ ಮೀನನ್ನು ಸೀಳಿ, ಒಳಗನ್ನೆಲ್ಲ ಬಳಿದು, ತೊಳೆದು, ಎತ್ತಿ ಹಿಡಿದಿದ್ದ.

“ಲೀಜಿಏ ಮಾಸಿಮಾ, ಏಕದಮ್ ಸಾಫ್!”

“ಅರೇ ದಾದಾ, ಪೇಟ್ ಕಹಾಂ ಹೈ?”

“ಪೇಟ್? ಬಿಲ್ಲೀ ಕೋ ದೇ ದಿಯಾ.”

ಕಟ್ಟೆಯ ಕೆಳಗೆ, ಮೀನಿನ ಹೊಟ್ಟೆ ತಿಂದು ಮುಗಿಸಿದ ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನಗೆ ಬೇಕಾದದ್ದು ಹೊಟ್ಟೆಯೇ, ಮೀನನ್ನು ನೀನೇ ಇಟ್ಟುಕೋ ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಪಕ್ಕದಲ್ಲಿದ್ದ ಬಂಗಾಳಿ ಅಜ್ಜಿಯೊಬ್ಬಳು ತನ್ನ ಸೊಸೆಯ ಕಿವಿಯಲ್ಲಿ ಏನೋ ಹೇಳಿದಳು. ಇವರ ಊರಲ್ಲಿ ಮೀನು ಎಸೆದು ಕರುಳು ತಿನ್ನುತ್ತಾರಂತೆ ಎಂದಿರಬೇಕು, ಇಬ್ಬರೂ ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. ಪೂರ್ವಿ ನಾಚಿಕೊಂಡು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಕೊನೆಗೆ ಅವಳೇ ದಾದಾನಿಗೆ ಸರಿಯಾದ ಹಿಂದಿಯಲ್ಲಿ ವಿಷಯ ತಿಳಿಸಿದಳು. ಕೆರೆಯಲ್ಲಿ ಸಾಕಿದ್ದು ಬೇಡ, ನದಿಯ ಬಾಯಲ್ಲಿ ಹಿಡಿದದ್ದು ಬೇಕು ಎಂದಳು. ಅವನು ದೊಡ್ಡ ಮನಸ್ಸಿನವನು. ಮುಂದಿನ ಮಾಲಿನಲ್ಲಿ ಅಂಥದ್ದು ಬಂದರೆ ಮುಟ್ಟದೆ ಇಡುತ್ತೇನೆ, ಇಲ್ಲೇ ಕೂತು ಕೊಯ್ದುಕೊಳ್ಳಿ, “ಪೇಟ್ ಆಪ್ ಕಾ, ಮಛಲಿ ಮೇರಾ”, ಹೊಟ್ಟೆ ನಿಮಗೆ, ಮೀನು ನನಗೆ ಎಂದ.

ಆ ಮೀನು ಬರುವ ತನಕ ಪೂರ್ವಿಗೆ ನಾನು ಹೇಳಿದ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳಿಗೂ ಬೇಕಾದೀತು.

ದಾದಾನನ್ನು ನಾನು ಬೈಯಲಿಲ್ಲ. ಬೈಯುವುದು ಹೇಗೆ? ನನ್ನ ಮೊದಲ ದಿನವೂ ಹಾಗೇ ಆಗಿತ್ತು. ನಮ್ಮ ಮೀನು ಸಂಶೋಧನಾ ಕೇಂದ್ರ ಇದ್ದದ್ದು ಅಂಕೋಲೆಯ ಹತ್ತಿರ, ಗಂಗಾವಳಿ ನದಿ ಸಮುದ್ರ ಸೇರುವ ಕಡೆ, ಗಾಳಿಮರಗಳ ಮಧ್ಯೆ. ಅದಕ್ಕೆ ಮೊದಲು ನಾನು ಬುಟ್ಟಿ ಹೊತ್ತು ಮೀನು ಮಾರುತ್ತಿದ್ದೆ. ಕೈ ಚುರುಕು ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಕರೆದುಕೊಂಡರು. ಅಲ್ಲಿನ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು. ಮೈಸೂರು ಕಡೆಯ ಹೆಂಗಸು, ಮೀನು ತಿನ್ನುವವರಲ್ಲ, ಆದರೆ ಮೀನಿನ ಮೇಲೆ ಜೀವ. ಮೊದಲ ದಿನ ನನ್ನ ಮುಂದೆ ಒಂದು ಚೊಣಕ ಇಟ್ಟು, ಹೊಟ್ಟೆ ತೆಗೆದುಕೊಡು ಎಂದರು. ನಾನು ಒಂದೇ ಎಳೆತಕ್ಕೆ ತೆಗೆದೆ. ನಲ್ಲಿಯ ಕೆಳಗೆ ಹಿಡಿದು, ಒಳಹೊರಗೆ ಮಾಡಿ, ಉಜ್ಜಿ ತೊಳೆದು, ಹೊಸ ಬಟ್ಟೆಯ ಹಾಗೆ ಬೆಳ್ಳಗೆ ಮಾಡಿ ತಟ್ಟೆಯಲ್ಲಿಟ್ಟು ತಂದುಕೊಟ್ಟೆ.

ಮೇಡಂ ತಟ್ಟೆ ನೋಡಿದರು, ನನ್ನನ್ನು ನೋಡಿದರು. “ಗಿರಿಜಾ, ತುಂಬಾ ಚೆನ್ನಾಗಿ ತೊಳೆದಿದೀಯಮ್ಮ. ಆದ್ರೆ ನಾನು ನೋಡ್ಬೇಕಾಗಿದ್ದು ಮೋರಿಗೆ ಹೋಯ್ತು.”

ದೋಣಿ ನಡೆಸುವ ಬೀರಣ್ಣ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕ. “ಗಿರಿಜಕ್ಕ, ಚೊಣಕಕ್ಕೆ ಒಳಗಿಂದ್ಲೇ ಸ್ನಾನ ಮಾಡ್ಸಿಬಿಟ್ಯಲ್ಲೇ!”

ಮೀನು ಮಾರುವವರಿಗೆ ಹೊಟ್ಟೆ ಎಂದರೆ ಕಸ. ಅದನ್ನು ಬಿಸಾಡುವುದೇ ನಮಗೆ ಗೊತ್ತಿದ್ದ ಕಸುಬು. ಆ ಕಸದಲ್ಲೇ ಸಮುದ್ರ ಅಡಗಿ ಕೂತಿದೆ ಎಂದು ತಿಳಿಯಲು ನನಗೆ ಮೇಡಂ ಬೇಕಾಯಿತು. ಇನ್ನೊಂದು ಚೊಣಕ ತಂದು ಅವರೇ ಕತ್ತರಿ ಹಿಡಿದು ತೋರಿಸಿದರು. ಚೀಲ ಬಿಚ್ಚಿಕೊಂಡಿತು. ಒಳಗೆ ಒಂದು ನೋಗ್ಲಿ ಮೀನು, ತಲೆ ಕೆಳಗಾಗಿ, ಚಳಿಗೆ ಮುದುಡಿ ಮಲಗಿದ ಮಗುವಿನ ಹಾಗಿತ್ತು. ತಲೆಯ ಕಡೆ ಕರಗಿ ಹೋಗಿದೆ, ಬಾಲದ ಕಡೆ ಇನ್ನೂ ಚಿಪ್ಪು ಹೊಳೆಯುತ್ತಿದೆ. ಒಂದೇ ಮೀನಿನಲ್ಲಿ ಅರ್ಧ ಇಲ್ಲ, ಅರ್ಧ ಇದೆ. ಬುಟ್ಟಿಗಟ್ಟಲೆ ಮೀನು ಕೊಯ್ದಿದ್ದೆನಲ್ಲ, ಒಂದು ದಿನವೂ ಒಳಗೆ ನೋಡಿರಲಿಲ್ಲ. ಆವತ್ತು ಮನೆಗೆ ಹೋಗಿ ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಅಸಹ್ಯದಿಂದಲ್ಲ, ಬೆರಗಿನಿಂದ.

ಚೊಣಕದ ಬಾಯಿಯ ಬಗ್ಗೆ ಹೇಳಬೇಕು. ಇದಕ್ಕೆ ನಾಯಿಯ ಹಾಗೆ ಕೋರೆಹಲ್ಲುಗಳಿಲ್ಲ. ಬೆರಳು ಹಾಕಿ ಸವರಿದರೆ ಮರ ಉಜ್ಜುವ ಕಾಗದದ ಹಾಗೆ ಸಣ್ಣ ಸಣ್ಣ ಮುಳ್ಳು. ಕಚ್ಚಿ ಹರಿಯುವುದಿಲ್ಲ, ಜಗಿಯುವುದಿಲ್ಲ, ಬೆನ್ನಟ್ಟಿ ದೂರ ಓಡುವುದೂ ಇಲ್ಲ. ಅಲುಗದೆ ಕಾಯುತ್ತದೆ. ನಮ್ಮ ಕಡೆ ಗಜನಿ ಗದ್ದೆಗಳಿವೆ. ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ತೂಬಿನ ಬಾಯಿಂದ ಹೊರಗೆ ಹೋಗುತ್ತದೆ. ನೀರಿನ ಜೊತೆ ಸಿಗಡಿ, ಶೆವ್ಟೆ ಮೀನು, ಏಡಿಮರಿ ಎಲ್ಲ ಜಾರಿಕೊಂಡು ಬರುತ್ತವೆ. ಚೊಣಕಕ್ಕೆ ಅದು ಗೊತ್ತು. ತೂಬಿನ ಹೊರಗೆ, ಕಲ್ಲಿನ ನೆರಳಿನಲ್ಲಿ ನಿಂತು, ಬಡಿಸುವವರನ್ನು ಕಾಯುವ ಹಾಗೆ ಕಾಯುತ್ತದೆ.

ಒಂದು ಮುಸ್ಸಂಜೆ ಮೇಡಂ, ಬೀರಣ್ಣ, ನಾನು ದೋಣಿಯಲ್ಲಿ ಆ ತೂಬಿನ ಹತ್ತಿರ ಹೋಗಿ ಸುಮ್ಮನೆ ಕೂತೆವು. ಬೀರಣ್ಣ ಬ್ಯಾಟರಿ ಬೆಳಕನ್ನು ನೀರಿನ ಮೇಲೆ ಓರೆಯಾಗಿ ಬಿಟ್ಟ. ಕಪ್ಪು ನೀರಿನಲ್ಲಿ ಕೆಂಡಗಳು! ಎರಡೆರಡು, ಎರಡೆರಡು, ಕೆಂಪಗೆ ಉರಿಯುವ ಕಣ್ಣು. ನಾನು ಮೇಡಂ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

“ಹೆದರಬೇಡ. ನಮ್ಮ ಬೆಳಕೇ ಅದರ ಕಣ್ಣಿಂದ ವಾಪಸ್ ಬರ್ತಿದೆ. ಅಷ್ಟು ಮಂದ ಬೆಳಕಲ್ಲೂ ಅದಕ್ಕೆ ಬೇಟೆ ಕಾಣುತ್ತೆ,” ಎಂದರು ಮೇಡಂ.

ಆಮೇಲೆ ಆ ಸದ್ದು. ತೆಂಗಿನಕಾಯಿ ಬಾವಿಗೆ ಬಿದ್ದ ಹಾಗೆ, ‘ಡುಬ್’ ಎಂದು. ಅದು ಬಾಯಿ ತೆರೆದ ಸದ್ದು. ಬಾಯಿ ಅಷ್ಟು ದೊಡ್ಡದಾಗಿ, ಅಷ್ಟು ಬೇಗ ತೆರೆದುಕೊಳ್ಳುತ್ತದೆ ಎಂದರೆ ಎದುರಿನ ನೀರೇ ಒಳಗೆ ನುಗ್ಗುತ್ತದೆ, ನೀರಿನ ಜೊತೆ ಶೆವ್ಟೆಯೂ. ಶೆವ್ಟೆಗೆ ತಾನು ಹಿಡಿಯಲ್ಪಟ್ಟೆ ಎಂದು ಗೊತ್ತಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಇಷ್ಟು ವರ್ಷಗಳ ಮೇಲೆ ಈ ಕಾಶಿಯಲ್ಲಿ ಕೂತು ಬರೆಯುವಾಗಲೂ ನನ್ನ ಮೈಮೇಲೆ ಮುಳ್ಳು ಏಳುತ್ತಿದೆ, ನೋಡಿ!

ಪೂರ್ವಿ ಕೇಳಿದಳು, “ಅಜ್ಜಿ, ಸಣ್ಣದಿದ್ದಾಗ್ಲೂ ಹೀಗೇನಾ?”

ಸಣ್ಣದಿದ್ದಾಗ ಅದರ ಊಟವೇ ಬೇರೆ. ರೆಪ್ಪೆಕೂದಲಿನಷ್ಟು ಇರುವಾಗ ಅದು ತಿನ್ನುವುದು ಕಣ್ಣಿಗೆ ಕಾಣದ ನೀರಹುಳ. ಅದರ ಹೊಟ್ಟೆಯನ್ನು ಸೂಜಿಯಲ್ಲಿ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಮೇಡಂ ನನ್ನನ್ನು ಕರೆದು ತೋರಿಸಿದ್ದರು. ಗಾಜಿನ ಗೊಂಬೆಗಳ ಹಾಗೆ, ಮೀಸೆ, ಕಾಲು, ಒಂಟಿ ಕಣ್ಣು. ಬೆರಳುದ್ದ ಬೆಳೆದ ಮೇಲೆ ಸಿಗಡಿ ಮರಿ. ಗೇಣುದ್ದ ದಾಟಿದ ಮೇಲೆ ಸಿಗಡಿಯ ಜೊತೆಗೆ ಮೀನು, ಏಡಿ, ಸಿಕ್ಕಿದ್ದು. ಮೀನು ದೊಡ್ಡದಾದ ಹಾಗೆ ಎಲೆಯ ಮೇಲಿನ ಊಟ ಬದಲಾಗುತ್ತದೆ. ಅದಕ್ಕೇ ಹೊಟ್ಟೆ ಕೊಯ್ಯುವ ಮೊದಲು ಮೀನಿನ ಉದ್ದ ಅಳೆಯಲೇಬೇಕು. ಅಳೆಯದೆ ಕೊಯ್ದ ಹೊಟ್ಟೆ ಯಾವ ಕೆಲಸಕ್ಕೂ ಬರುವುದಿಲ್ಲ.

ಗಾಜಿನ ತೊಟ್ಟಿಯಲ್ಲಿ ಒಮ್ಮೆ ಚೊಣಕದ ಮರಿಗಳನ್ನು ಸಾಕಿದ್ದರು. ಒಂದೇ ತಾಯಿಯ ಮರಿಗಳು. ಬೆಳಿಗ್ಗೆ ನಾನು ಬಾಗಿಲು ತೆರೆದು ನೋಡಿದರೆ ಒಂದು ಮರಿಯ ಬಾಯಿಂದ ಇನ್ನೊಂದರ ಬಾಲ ಹೊರಗೆ. ನುಂಗಿದ್ದು ನುಂಗಿಸಿಕೊಂಡದ್ದಕ್ಕಿಂತ ಸ್ವಲ್ಪವೇ ದೊಡ್ಡದು. ಹೊಟ್ಟೆ ತುಂಬಿ ಈಜಲಾರದೆ ವಾಲಿಕೊಂಡು ನಿಂತಿದೆ, ಆದರೂ ಬಿಡಲೊಲ್ಲದು. ನನಗೆ ಸಿಟ್ಟು ಬಂತು. “ತಮ್ಮನ್ನೇ ತಿಂತದಲ್ರೀ ಮೇಡಂ!” ಎಂದೆ.

“ಅದಕ್ಕೆ ಅಣ್ಣ ತಮ್ಮ ಗೊತ್ತಿಲ್ಲ ಗಿರಿಜಾ. ಬಾಯಿಗೆ ಹಿಡಿಸುತ್ತೋ ಇಲ್ವೋ, ಅಷ್ಟೇ ಗೊತ್ತು.”

ಅಂದಿನಿಂದ ನಾವು ತೊಟ್ಟಿಯಲ್ಲಿ ಒಂದೇ ಅಳತೆಯ ಮರಿಗಳನ್ನು ಜೊತೆ ಇಡಲು ಕಲಿತೆವು. ಇನ್ನೊಂದು ಸೋಜಿಗ ಹೇಳಲೇಬೇಕು. ಈ ಮೀನು ಗಂಡಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ! ನಾನು ನಂಬಿರಲಿಲ್ಲ. ಮೇಡಂ ಕೊಯ್ದು ತೋರಿಸಿದರು. ಬೀರಣ್ಣ ಕೈಮುಗಿದು, “ಹಂಗಾರೆ ಸಮುದ್ರದಾಗೂ ಯಜಮಾನಿಕೆ ಹೆಂಗಸ್ರದ್ದೇ” ಎಂದ.

ಈಗ ನಮ್ಮ ಇಡೀ ಕೇಂದ್ರವೇ ಮಾಡಿದ ಒಂದು ತಪ್ಪಿನ ಕತೆ. ಒಂದು ಮಳೆಗಾಲ ಕಳೆದ ಮೇಲೆ ನಮಗೆ ಬಂದ ಚೊಣಕಗಳ ಹೊಟ್ಟೆಯೆಲ್ಲ ಭರ್ತಿ. ಸಿಗಡಿಯೇ ಸಿಗಡಿ, ಬಾಯಲ್ಲೂ ಸಿಗಡಿ, ಗಂಟಲಲ್ಲೂ ಸಿಗಡಿ. ನಮಗೆಲ್ಲ ಹಬ್ಬ. ಖಾಲಿ ಹೊಟ್ಟೆ ಕೊಯ್ದು ಕೊಯ್ದು ಬೇಸತ್ತವರಿಗೆ ಹಾಗೆ ತುಂಬಿದ ಹೊಟ್ಟೆ ಸಿಕ್ಕರೆ ಹೇಗಾಗುತ್ತದೆ! ಈ ಕಾಲದಲ್ಲಿ ಚೊಣಕ ಬರೀ ಸಿಗಡಿ ತಿನ್ನುತ್ತದೆ ಎಂದು ಮೇಡಂ ದೊಡ್ಡ ಕಚೇರಿಗೂ ಬರೆದು ಕಳಿಸಿದರು. ಗಜನಿಯವರು ಗಾಬರಿಯಾದರು. ನಮ್ಮ ಸಿಗಡಿಯನ್ನೆಲ್ಲ ಈ ಮೀನೇ ಮುಗಿಸುತ್ತದೆ, ತೂಬಿನ ಹತ್ತಿರ ಕಂಡಲ್ಲಿ ಹಿಡಿದು ಖಾಲಿ ಮಾಡುತ್ತೇವೆ ಎಂದು ಮಾತಾಡಿಕೊಂಡರು.

ಆಮೇಲೆ ಒಂದು ದಿನ ಮೇಡಂ ಕತ್ತರಿ ಕೆಳಗಿಟ್ಟು ನನ್ನನ್ನು ಕರೆದರು. “ಗಿರಿಜಾ, ಇಲ್ಲಿ ಬಾ. ಈ ಸಿಗಡಿ ನೋಡು. ಒಂದಾದ್ರೂ ಕರಗಿದೆಯಾ?”

ನೋಡಿದೆ. ಒಂದೂ ಕರಗಿರಲಿಲ್ಲ. ಮೀಸೆ ಕೂಡ ಮುರಿದಿರಲಿಲ್ಲ. ಈಗ ತಾನೇ ನೀರಿಂದ ತೆಗೆದ ಹಾಗೆ.

“ಬೀರಣ್ಣ, ಈ ಮೀನೆಲ್ಲ ಯಾವ ಬಲೇದು?”

“ತೂಬಿಗೆ ಕಟ್ಟಿದ ಚೀಲಬಲೇದು ಮೇಡಂ.”

ಮೇಡಂ ಹಣೆ ಹಿಡಿದುಕೊಂಡರು. ಚೀಲಬಲೆಯೊಳಗೆ ನೀರಿನ ಜೊತೆ ಬಂದ ಸಿಗಡಿ ಎಲ್ಲ ಗುಡ್ಡೆ ಬಿದ್ದಿರುತ್ತದೆ. ಅದರ ಮಧ್ಯೆ ಚೊಣಕವೂ ಸಿಕ್ಕಿಬಿದ್ದಿರುತ್ತದೆ. ಎದುರಿಗೆ ಅಷ್ಟು ಊಟ ಇದ್ದರೆ ಅದು ಬಿಡುತ್ತದೆಯೇ? ಸಾಯುವ ಮೊದಲು ಬಾಯಿ ತುಂಬ ತಿಂದಿದೆ. ಅದು ಬಲೆಯ ಊಟ, ಅದರ ಬದುಕಿನ ಊಟವಲ್ಲ. ನಾವು ಬಲೆಯ ಊಟವನ್ನು ಬದುಕಿನ ಊಟ ಎಂದು ಬರೆದು ಕಳಿಸಿದ್ದೆವು.

ಮೇಡಂ ಆ ಸಂಜೆಯೇ ದೊಡ್ಡ ಕಚೇರಿಗೆ ಫೋನು ಮಾಡಿ, ನಮ್ಮದು ತಪ್ಪಾಗಿದೆ ಎಂದು ನಮ್ಮೆಲ್ಲರ ಎದುರೇ ಹೇಳಿದರು. ಮರುದಿನ ಗಜನಿಯವರನ್ನು ಕರೆಸಿ ಅವರಿಗೂ ಹೇಳಿದರು. ಅವರು ನಗುತ್ತಾರೆ ಎಂದು ನಾನು ಅಂಜಿದ್ದೆ. ಯಾರೂ ನಗಲಿಲ್ಲ. ಆಮೇಲಿಂದ ಗಾಳಕ್ಕೆ ಬಿದ್ದ ಮೀನನ್ನೇ ಹೆಚ್ಚು ತರಿಸಿದೆವು. ಬಾಯಲ್ಲಿ, ಗಂಟಲಲ್ಲಿ ಸಿಕ್ಕ ಹೊಸ ತುತ್ತನ್ನು ಬದಿಗಿಟ್ಟೆವು. ಅರ್ಧ ಕರಗಿದ್ದನ್ನೇ ನಂಬಿದೆವು. ಮಕ್ಕಳೇ, ಇದನ್ನು ಗಟ್ಟಿಯಾಗಿ ನೆನಪಿಡಿ. ಹೊಳೆಯುವ ತುತ್ತನ್ನು ಕಂಡರೆ ಕುಣಿಯಬೇಡಿ, ಮೊದಲು ಯಾವ ಬಲೆ ಎಂದು ಕೇಳಿ.

ಖಾಲಿ ಹೊಟ್ಟೆಗೆ ಬೇಸರಪಡಲೂ ಬೇಡಿ. ಹೊಸಬರಿಗೆ ಖಾಲಿ ಹೊಟ್ಟೆ ಎಂದರೆ ಅವಮಾನ. ಒಬ್ಬ ಹೊಸ ಹುಡುಗ ಖಾಲಿ ಇದ್ದದ್ದನ್ನೆಲ್ಲ ಹೇಳದೆ ಬಿಸಾಡುತ್ತಿದ್ದ, ತುಂಬಿದ್ದನ್ನು ಮಾತ್ರ ತೋರಿಸುತ್ತಿದ್ದ. ಮೇಡಂ ಅವನನ್ನು ಬೈಯಲಿಲ್ಲ. “ನೀನು ದಿನವೆಲ್ಲ ಊಟ ಮಾಡ್ತಾನೇ ಇರ್ತೀಯೇನಪ್ಪಾ?” ಎಂದು ಕೇಳಿದರು. ಹಸಿದಿರುವುದೂ ಮೀನಿನ ಬದುಕೇ. ಕೆಲವು ಮೀನು ಗಾಳದಲ್ಲಿ ಒದ್ದಾಡುವಾಗ ತಿಂದದ್ದನ್ನು ಕಕ್ಕಿಬಿಡುತ್ತವೆ, ಅದನ್ನೂ ನೋಡಬೇಕು. ಖಾಲಿ ಎಂದರೂ ಅದು ಒಂದು ಉತ್ತರ.

ಎಲ್ಲಕ್ಕಿಂತ ನನ್ನನ್ನು ಮೂಕಳನ್ನಾಗಿ ಮಾಡಿದ್ದು ಕಿವಿಕಲ್ಲು. ಮೀನಿನ ತಲೆಯೊಳಗೆ ಎರಡು ಬಿಳಿ ಕಲ್ಲಿನ ಚೂರುಗಳಿರುತ್ತವೆ. ಚೊಣಕ ನುಂಗಿದ ಮೀನಿನ ಮಾಂಸ ಕರಗಿ ಗಂಜಿಯಾದರೂ, ಮುಳ್ಳು ಮೆತ್ತಗಾದರೂ, ಆ ಕಲ್ಲು ಸ್ವಲ್ಪ ಕಾಲ ಹಾಗೇ ಉಳಿಯುತ್ತದೆ. ಮೇಡಂ ಗಂಜಿಯನ್ನು ಜಾಲಿಯಲ್ಲಿ ಸೋಸಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅದನ್ನು ಆರಿಸಿ, ಇದು ಶೆವ್ಟೆ, ಇದು ನೋಗ್ಲಿ ಎನ್ನುತ್ತಿದ್ದರು. ಒಂದೊಂದು ಜಾತಿಗೆ ಒಂ​ದೊಂದು ಆಕಾರ. ಅದನ್ನು ತೆಳ್ಳಗೆ ಉಜ್ಜಿ ನೋಡಿದರೆ ಮರದ ಹಾಗೆ ಬಳೆ ಬಳೆ ಗೆರೆ, ಅದರಿಂದ ವಯಸ್ಸೂ ತಿಳಿಯುತ್ತದೆ. ಮೈಯೆಲ್ಲ ಹೋಗಿ ಹೆಸರು ಮಾತ್ರ ಉಳಿಯುತ್ತದಲ್ಲ ಎಂದು ನಾನು ಆ ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಹೊಟ್ಟೆಯ ಎರಡೂ ತುದಿಗೆ ದಾರ ಕಟ್ಟಿ, ಕೆಡದಿರಲಿ ಎಂದು ಫಾರ್ಮಲಿನ್ ಬಾಟಲಿಗೆ ಹಾಕುತ್ತಿದ್ದೆವು. ಮುಚ್ಚಳ ತೆಗೆದರೆ ಕಣ್ಣಿಂದ ಧಾರೆ. ನನ್ನ ಕಣ್ಣು ಮಂಜಾಗಲು ಅದೇ ಕಾರಣ ಎಂದು ಮಗಳು ಈಗಲೂ ಬೈಯುತ್ತಾಳೆ. ಆಮೇಲೆ ಬರ್ಫ ಬಂತು, ಕೈಗೆ ಗವಸು ಬಂತು. ನಾನು ಬಿಡುವ ಹೊತ್ತಿಗೆ ಇನ್ನೊಂದು ಬಂತು. ಜೀವಂತ ಚೊಣಕವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಬಾಯಿಗೆ ಸಣ್ಣ ಕೊಳವೆ ಇಟ್ಟು, ನೀರು ಬಿಟ್ಟರೆ ಅದು ತಿಂದದ್ದನ್ನು ತಟ್ಟೆಗೆ ಕಕ್ಕುತ್ತದೆ. ಆಮೇಲೆ ಅದನ್ನು ನದಿಗೇ ಬಿಡುವುದು! ಮೊದಲ ಸಲ ಹಾಗೆ ಬಿಟ್ಟ ಮೀನು ನನ್ನ ಕೈಯಿಂದ ಜಾರಿ, ಒಂದು ಕ್ಷಣ ನಿಂತು, ಬಾಲ ಬೀಸಿ ಹೋಯಿತು. ಅಷ್ಟು ವರ್ಷ ಸತ್ತವುಗಳನ್ನೇ ಕೇಳುತ್ತಿದ್ದ ಪ್ರಶ್ನೆಗೆ ಜೀವ ಇರುವುದೊಂದು ಉತ್ತರ ಕೊಟ್ಟು ಹೋಯಿತಲ್ಲ! ನಾನು ದಡದಲ್ಲಿ ಕೂತು ಅತ್ತೆ, ಬೀರಣ್ಣ ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡಿದ. ಈಗ ಗಂಜಿಯ ಒಂದು ಹನಿಯಿಂದಲೇ ಯಾವ ಮೀನು ಎಂದು ಹೇಳುವ ಯಂತ್ರ ಬಂದಿದೆ ಎಂದು ಪೂರ್ವಿ ಹೇಳುತ್ತಾಳೆ. ಅದನ್ನು ನಾನು ನೋಡಿಲ್ಲ, ಅವಳು ನೋಡಬೇಕು.

ದಾದಾನ ಮಾಲು ಬಂತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ. ಹೋದೆವು. ಎರಡು ಭೇಟ್ಕಿ, ಮುಟ್ಟದೆ ಇಟ್ಟಿದ್ದ. ಬೆಕ್ಕನ್ನೂ ಓಡಿಸಿದ್ದ. ಪೂರ್ವಿ ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡು, ಅಳತೆಪಟ್ಟಿ ಇಟ್ಟು ಉದ್ದ ನೋಡಿದಳು. ಎರಡು ಸಲ ಕತ್ತರಿ ಎತ್ತಿ ಕೆಳಗಿಟ್ಟಳು. ನಾನು ಹಿಡಿದುಕೊಳ್ಳಲೇ ಎಂದು ಕೈ ಮುಂದೆ ಮಾಡಿ, ಬೇಡ ಎಂದು ಹಿಂದೆ ತೆಗೆದೆ. ಮೊದಲ ಹೊಟ್ಟೆ ಖಾಲಿ. ಬರೀ ಲೋಳೆ. ವಾಸನೆ ಮುಖಕ್ಕೆ ಹೊಡೆಯಿತು. ಅವಳು ಎದ್ದು ಗಲ್ಲಿಯ ಗೋಡೆ ಹಿಡಿದು ನಿಂತಳು.

“ಅಜ್ಜಿ, ನಹೀಂ ಹೋಗಾ. ನನ್ನಿಂದ ಆಗಲ್ಲ.”

  ದಾದಾ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟು, “ಏಕ್ ಔರ್ ಹೈ, ಬೇಟಾ. ಮೈಂ ಕಾಟೂಂ?” ಎಂದ.

ಅವನು ಕೊಯ್ಯುತ್ತೇನೆ ಎಂದದ್ದೇ ಅವಳಿಗೆ ಏನಾಯಿತೋ. “ನಹೀಂ ದಾದಾ, ಆಪ್ ಧೋ ಡಾಲೋಗೇ!” ಎಂದು ತಿರುಗಿ ಬಂದು ಕೂತಳು. ನೀವು ತೊಳೆದುಬಿಡುತ್ತೀರಿ ಎಂದು ಅವನಿಗೇ ಗದರಿಸಿದ್ದು! ಎರಡನೆಯ ಹೊಟ್ಟೆ ಭಾರವಾಗಿತ್ತು. ಕತ್ತರಿ ನಿಧಾನವಾಗಿ ಹೋಯಿತು. ಒಳಗೆ ಒಂದು ಶೆವ್ಟೆ ಜಾತಿಯ ಮೀನು. ಮೇಲಿನ ಚರ್ಮ ಹೋಗಿದೆ, ಒಂದು ಕಣ್ಣು ಮಾತ್ರ ಮುತ್ತಿನ ಹಾಗೆ ಹಾಗೇ ಇದೆ. ಪೂರ್ವಿ ಬಗ್ಗಿ ನೋಡುತ್ತಿದ್ದಳು. ಯಾವಾಗ ದುಪಟ್ಟಾ ಮೂಗಿಂದ ಜಾರಿತೋ ಅವಳಿಗೇ ಗೊತ್ತಿಲ್ಲ.

ಇಷ್ಟು ಸಾಕು, ಪರೀಕ್ಷೆ ಮುಗಿಯಿತು ಎಂದು ನಾನು ಏಳಲು ಹೊರಟೆ. ಅವಳು ಏಳಲಿಲ್ಲ. ಆ ನುಂಗಿಸಿಕೊಂಡ ಮೀನನ್ನು ಎತ್ತಿ ಬಟ್ಟಲಿನಲ್ಲಿಟ್ಟು, ಅದರ ಪುಟ್ಟ ಹೊಟ್ಟೆಯನ್ನೂ ಕತ್ತರಿಯ ತುದಿಯಿಂದ ಬಿಡಿಸಿದಳು. ನಾನು ಹೇಳಿರಲಿಲ್ಲ. ಅದರೊಳಗೆ ಕೆಸರಿನ ಹಾಗೆ ಕಂದು ಹಿಟ್ಟು.

“ಅಜ್ಜಿ, ಇದು ಮಣ್ಣಲ್ಲ. ಇದರಲ್ಲಿ ಹಸಿರಿದೆ, ದೇಖೋ. ಪಾಚಿ! ಇದು ಪಾಚಿ ತಿಂತು, ಇದನ್ನ ಭೇಟ್ಕಿ ತಿಂತು. ಅಂದ್ರೆ ಭೇಟ್ಕಿ ಹೊಟ್ಟೆಯೊಳಗೆ ನದಿಯ ತಳ ಇದೆ ಅಜ್ಜಿ! ಬಿಸಿಲು ಬಿದ್ದ ನೀರು ಇದೆ!”

ಸುತ್ತ ಜನ ಸೇರಿದ್ದರು. ಅಂದಿನ ಆ ಬಂಗಾಳಿ ಅಜ್ಜಿಯೂ ಸೊಸೆಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಪೂರ್ವಿ ತಲೆ ಎತ್ತದೆ ದಾದಾನನ್ನು ಕೇಳಿದಳು, “ದಾದಾ, ಔರ್ ಹೈ ಕ್ಯಾ?”

ಇನ್ನೂ ಇದೆಯಾ ಎಂದು ಕೇಳಿದಳು! ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಮನೆಗೆ ಬರುವಾಗ ಶಾಸ್ತ್ರಿಗಳು ಬಾಗಿಲಲ್ಲೇ ಮೂಗು ಹಿಡಿದು, “ಮೊದಲು ಗಂಗೆಗೆ ಹೋಗಿ, ಇಬ್ಬರೂ!” ಎಂದರು. ಮೆಟ್ಟಿಲಿಳಿದು ಮುಳುಗು ಹಾಕಿದೆವು. ಒದ್ದೆ ಕೂದಲಲ್ಲೇ ಪೂರ್ವಿ ಅಪ್ಪನಿಗೆ ಫೋನು ಮಾಡಿ, ರೈಲಿನ ಟಿಕೆಟು ತೆಗೆಸು ಎಂದಳು.

ಗಂಗಾವಳಿಯ ನಮ್ಮ ಕೇಂದ್ರಕ್ಕೇ ಹೋಗಿ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ ಒಂದು ಚಿತ್ರ ಕಳಿಸಿದಳು. ತಟ್ಟೆಯಲ್ಲಿ ಚೊಣಕದ ಹೊಟ್ಟೆ, ಅದರ ಪಕ್ಕದಲ್ಲಿ ಏನೋ ಒಂದು. ಎಲೆಯ ಹಾಗೆ ಚಪ್ಪಟೆ, ಗಾಜಿನ ಹಾಗೆ ಪಾರದರ್ಶಕ, ಅಂಚಿನಲ್ಲಿ ಕೆಂಪು ಚುಕ್ಕಿಗಳ ಸಾಲು. ಹಿಂದೆಯೇ ಕರೆ ಬಂತು.

“ಅಜ್ಜಿ, ಇದ್ಯಾರು?”

ಕನ್ನಡಕ ಹಾಕಿದೆ. ಛಾವಣಿಗೆ ಹೋಗಿ ಬೆಳಕಿನಲ್ಲಿ ಹಿಡಿದು, ದೊಡ್ಡದು ಮಾಡಿ, ತಿರುಗಿಸಿ ನೋಡಿದೆ. ಅಷ್ಟು ವರ್ಷ ಅಷ್ಟು ಹೊಟ್ಟೆಗಳನ್ನು ಕೊಯ್ದವಳು ನಾನು, ಒಂದು ದಿನವೂ ಅಂಥದ್ದನ್ನು ಕಂಡಿರಲಿಲ್ಲ.

“ಗೊತ್ತಿಲ್ಲ ಮಗಾ. ನಾ ನೋಡ್ಲೇ ಇಲ್ಲ ಇಂಥದ್ದು.”

“ಸಚ್? ನೀನೂ ನೋಡಿಲ್ವಾ?” ಎಂದು ಅವಳು ಕಿರುಚಿದ್ದಕ್ಕೆ ಪಾರಿವಾಳಗಳೆಲ್ಲ ಛಾವಣಿಯಿಂದ ಎದ್ದವು. ನನಗೂ ಮೈ ಜುಮ್ ಎಂದಿತು. ಅಷ್ಟೆಲ್ಲ ನೋಡಿದ ಮೇಲೂ ನೋಡದ್ದು ಇನ್ನೂ ಇದೆ, ನನ್ನ ಕೂಸಿಗಾಗಿ ಕಾದು ಕೂತಿದೆ!

“ಇಡಬೇಡ ಅಜ್ಜಿ, ರುಕೋ. ಇನ್ನೊಂದು ಹೊಟ್ಟೆ ಬಾಕಿ ಇದೆ, ಅದರಲ್ಲೂ ಇದ್ಯಾ ನೋಡ್ತೀನಿ,” ಎಂದು ಫೋನನ್ನು ಮೇಜಿನ ಮೇಲೆ ಹಾಗೇ ಇಟ್ಟಳು. ನಾನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಕತ್ತರಿ ಆಡುವ ಸದ್ದು ಕೇಳುತ್ತಿತ್ತು.